ಸೆಮಿನಾರಿನ ಮಲ್ಲಿಗೆ ಮಾಲೆ

ಆಯೇಷಾ ಅಳುತ್ತ ಬಂದಾಗ ಸಾವಿತ್ರೆವ್ವ ಶೇಂಗಾ ಸುಲಿಯುತ್ತಿದ್ದರು. ಪೊಲೀಸ್ ಫೌಜದಾರರಾಗಿ ನಿವೃತ್ತಿಯಾಗಿ ಬೆಟಗೇರಿಗೆ ಬಂದರೂ ಅವರಿಗೆ ಪ್ರಕರಣಗಳು ತಪ್ಪಿಲ್ಲ. ಅವರನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವುದು ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಗೌಸಸಾಬನಾದ ನನಗೂ ತಪ್ಪಿಲ್ಲ.

"ಅಮ್ಮಾರ, ನನ್ನ ಸಂಶೋಧನಿ ಹಾಳಾತ್ರಿ. ನಾನ ಕೆಡಿಸೀನಿ ಅಂತ ಸರ್ ಎಲ್ಲಾರ ಮುಂದ ಮೈಕಿನಾಗ ಅಂದ್ರು!"

ಆಕೆ ವಿಶ್ವವಿದ್ಯಾಲಯದ ಆಣ್ವಿಕ ಜೀವಶಾಸ್ತ್ರ ವಿಭಾಗದ ಸಂಶೋಧಕಿ. ಶಿರಹಟ್ಟಿಯ ಹೊಲಗಳಲ್ಲಿ ರೋಗ ತಡೆಯುವ ಮೆಣಸಿನ ಗಿಡ ಹುಡುಕಿ, ಎಲೆಯ ಸತ್ವವನ್ನು ಪುಟ್ಟ ನಳಿಕೆಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಳು. ಕರಗಿದರೆ ಅದು ಕೆಡುತ್ತದೆ. ಅಂದು ಸೆಮಿನಾರಿಗೆ ಬಂದಿದ್ದ ಪುಣೆಯ ವಿಜ್ಞಾನಿ, ಮುಂಡರಗಿ ಮೂಲದ ಡಾ. ಸಾಬೀರಾ, ಅದು ಚೆನ್ನಾಗಿದ್ದರೆ ಆಕೆಯನ್ನು ತಮ್ಮ ಪ್ರಯೋಗಾಲಯಕ್ಕೆ ಕರೆದೊಯ್ಯುವವರಿದ್ದರು. ನಳಿಕೆಗಳ ಡಬ್ಬಿ ತೆರೆದರೆ, ಸಮತಟ್ಟಾಗಿ ಗಟ್ಟಿಯಾಗಿದ್ದ ಸತ್ವ ವಾರೆಯಾಗಿ ಗಟ್ಟಿಯಾಗಿತ್ತು. ಅಂದರೆ ಯಾರೋ ಹೊರಗೆ ಕರಗಲು ಬಿಟ್ಟು, ಡಬ್ಬಿಯನ್ನು ಓರೆಯಾಗಿ ಮತ್ತೆ ಫ್ರೀಜರಿಗೆ ತುರುಕಿದ್ದರು.

ಫ್ರೀಜರಿನ ಒಂದು ಕೀಲಿ ಆಯೇಷಾಳದು, ಇನ್ನೊಂದು ಆಕೆ ಹೇಳಿದ 'ಸರ್', ವಿಭಾಗದ ಮುಖ್ಯಸ್ಥ ಅಂದಾನಪ್ಪನವರದು. ಹಿಂದಿನ ಸಂಜೆ ಆಯೇಷಾಳ ಕೀಲಿಯನ್ನು ಜೊತೆಗಾರ ಮೊಹಸಿನ ಕೇಳಿ ಪಡೆದಿದ್ದ. ಪುಣೆಯ ಆಸೆ ಅವನಿಗೂ ಇತ್ತು. ನನ್ನ ಮಟ್ಟಿಗೆ ಕಳ್ಳ ಅಲ್ಲೇ ಸಿಕ್ಕಿದ್ದ.

ನಾವು ಹೋದಾಗ ಸಭಾಂಗಣದಲ್ಲಿ ಉಪ್ಪಿಟ್ಟು, ಪೇಡೆ ಹಂಚುತ್ತಿದ್ದರು. ಸರಸ್ವತಿ ಫೋಟೋದ ಮಲ್ಲಿಗೆ ಮಾಲೆ ಸ್ವಲ್ಪ ಬಾಡಿದ್ದರೂ ಬೆಳ್ಳಗಿತ್ತು. ಅತಿಥಿಗೆ ಹಾಕಿದ ಮಾಲೆ ಮೇಜಿನ ಮೇಲೆ ಬಿದ್ದಿತ್ತು. ಅದರ ಹೂವೆಲ್ಲ ಬೇಯಿಸಿದಂತೆ ಕಪ್ಪಿಟ್ಟು ಮೆತ್ತಗಾಗಿದ್ದವು.

"ಹೂವು ಯಾವಾಗ ತಂದ್ರಿ?" ಸಾವಿತ್ರೆವ್ವ ಕೇಳಿದರು.

"ಎರಡೂ ನಿನ್ನಿ ಸಂಜಿಗೇ ದೇವವ್ವನ ಅಂಗಡಿಯಿಂದ ತಂದೇನ್ರಿ. ಫೋಟೋಕ್ಕ ಆವಾಗ್ಲೇ ಹಾಕಿದ್ವಿ," ಎಂದರು ಅಂದಾನಪ್ಪ.

ಸಾವಿತ್ರೆವ್ವ ಫ್ರೀಜರ್ ತೆರೆಸಿದರು. ಒಳಗೆ ಹೆಪ್ಪುಗಟ್ಟಿದ ಹಿಮದಿಂದ ಉಗುರಿನಲ್ಲಿ ಏನನ್ನೋ ಕಿತ್ತು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಆಮೇಲೆ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿದರು.

"ಮೊಹಸಿನ, ಕೀಲಿ ಯಾಕ ಒಯ್ದಿ?"

"ನನ್ನ ಡಬ್ಬಿ ಇಡಾಕ್ರಿ. ಅಕೀದು ಅಲ್ಲೇ ಇತ್ತು. ಆಗಲೇ ಕೀಲಿ ವಾಪಸ್ ಕೊಟ್ಟೆ."

"ಖರೆ," ಎಂದಳು ಆಯೇಷಾ.

"ಎರಡು ಮಾಲಿ, ಒಂದೇ ಅಂಗಡಿ, ಒಂದೇ ಸಂಜಿ. ಒಂದು ಬಾಡೇತಿ, ಇನ್ನೊಂದು ಬೆಂದೈತಿ. ಹೂವು ಹೆಪ್ಪುಗಟ್ಟಿ ಕರಗಿದ್ರ ಹಿಂಗ ಆಕ್ಕಾವ." ಸೆರಗು ಬಿಚ್ಚಿದರು: ಮರುಗದ ಎಲೆ. ಮಾಲೆಯಲ್ಲೂ ಅದೇ ಮರುಗ. "ಫ್ರೀಜರಿನ್ಯಾಗ ಮಾಲಿ ಇಡಾಕ ಯಾರೋ ಡಬ್ಬಿ ಹೊರಗ ತಗದಾರ. ಮಾಲಿ ಯಾರ ಕೈಯಾಗಿತ್ತು ಸರ?"

ಅಂದಾನಪ್ಪನವರ ಮುಖ ಇಳಿಯಿತು.

"ಆಫೀಸಿನ ಫ್ರಿಜ್ ತುಂಬ ಪೇಡೆ ಇತ್ರಿ. ಅತಿಥಿಗೆ ಬಾಡಿದ ಮಾಲಿ ಹಾಕೂದು ಹ್ಯಾಂಗ? ಡಬ್ಬಿ ಬರ್ಫದಾಗಿಟ್ಟು, ಬಾಜೂ ಖೋಲಿ ಸಣ್ಣ ಫ್ರೀಜರಿಗೆ ಒಯ್ಯೂನಂದೆ. ಅಷ್ಟ್ರಾಗ ಡಾ. ಸಾಬೀರಾ ಅವರನ್ನ ಕರಕೊಂಡು ಬರಾಕ ಸ್ಟೇಷನ್ನಿಗೆ ಓಡಿದೆ, ಮರ್ತೆ. ಬೆಳಿಗ್ಗೆ ನೋಡಿದ್ರ ಬರ್ಫೆಲ್ಲಾ ನೀರು. ಅಂಜಿ ಒಳಗಿಟ್ಟೆ." ಅವರು ಆಯೇಷಾಳ ಕಡೆ ತಿರುಗಿ, "ತಪ್ಪಾತವ್ವಾ," ಎಂದು ಮೆಲ್ಲಗೆ ಅಂದರು.

ಡಾ. ಸಾಬೀರಾ ಎದ್ದು ಆಯೇಷಾಳ ಕೈ ಹಿಡಿದರು. "ಸತ್ವ ಹೋದ್ರೂ ಗಿಡ ಅದಾವಲ್ಲ? ಮತ್ತ ತಗಿ, ತಗೊಂಡ ಬಾ. ನಿನ್ನ ಜಾಗಾ ನಿಂದೇ."

ಆಯೇಷಾ ಕಣ್ಣೊರೆಸಿಕೊಂಡಳು. ಆದರೆ ಕೂರಲಿಲ್ಲ.

"ಸರ, ನಾ ಕೆಡಿಸೀನಿ ಅಂತ ಮೈಕಿನಾಗ ಅಂದಿದ್ರಿ."

ಪಾಪದ ಹುಡುಗಿ ಎಂದುಕೊಂಡಿದ್ದ ನನಗೆ ಆಕೆಯ ಮೇಲೆ ಆ ಕ್ಷಣ ಭಾರಿ ಅಭಿಮಾನ ಉಕ್ಕಿತು. ಅಂದಾನಪ್ಪ ವೇದಿಕೆ ಹತ್ತಿ, ಮೈಕಿನ ಗುಂಡಿ ಒತ್ತಿ, ಊದಿ ನೋಡಿ, ತಮ್ಮ ತಪ್ಪನ್ನು ಎಲ್ಲರಿಗೂ ಕೇಳುವಂತೆ ಹೇಳಿದರು.