ಮೂರುಪಟ್ಟು ಏರಿದ ಎಣಿಕೆ

ಲ್ಯಾಬಿನ ಬಾಗಿಲು ತಳ್ಳಿಕೊಂಡು ಬಂದವಳು ನೇರ ಅವನ ಎದುರು ನಿಂತಳು. ಕೆದರಿದ ಜಡೆ, ಏದುಸಿರು, ತಡೆಯಲಾರದ ನಗು.

"ಪಂಪ್ ಸಾಹೇಬ್ರೇ, ಎಣಿಕೆ ಮೂರುಪಟ್ಟಾಗಿದೆ! ನಾಳೆ ಲೇಖನ ಕಳಿಸ್ತೀನಿ."

"ಹಾಗಾದ್ರೆ ನೀವು ಡಾಕ್ಟ್ರು ಆದಂಗೇ ಬಿಡಿ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಎಂದು ಓರೆಗಣ್ಣಲ್ಲಿ ನೋಡಿ ಹೋದಳು.

ಮೂರುಪಟ್ಟು ಎಂದದ್ದೇ ಅವನಿಗೆ ಹೋದ ವಾರದ ವಾಷರ್ ನೆನಪಾಯಿತು.

ನಿಕ್ಕಲ್ ಹರಳಿನ ಮೇಲೆ ಆರ್ಗಾನ್ ಅಯಾನುಗಳನ್ನು ರಭಸದಿಂದ ಬಡಿಸಿ, ಅಲ್ಲಿಂದ ಸಿಡಿಯುವ ವಿದ್ಯುದಾವೇಶದ ಕಣಗಳನ್ನು ಎಣಿಸುವುದು ಅವಳ ಸಂಶೋಧನೆ. ಯಂತ್ರದೊಳಗೆ ಗಾಳಿಯ ಸುಳಿವೂ ಇರದಂತೆ ಪಂಪು ನೋಡಿಕೊಳ್ಳುವ ಮೆಕ್ಯಾನಿಕ್ ಅವನು. ಹೋದ ವಾರ ಅವಳಿಗೆ ಆತುರವಿತ್ತು. ಅವಳಿಗೆ ಇಲ್ಲ ಎನ್ನಲು ಅವನಿಗೆ ಬಾರದು. ಹೊಸ ವಾಷರ್ ಬರುವವರೆಗೆ ಕಾಯದೆ, ಒಮ್ಮೆ ಬಳಸಿದರೆ ಮತ್ತೆ ಗಾಳಿ ತಡೆಯದ ಹಳೆಯ ತಾಮ್ರದ್ದನ್ನೇ ಯಂತ್ರದ ಜೋಡಣೆಗೆ ಹಾಕಿ ಬಿಗಿದಿದ್ದ. ಆಮ್ಲಜನಕ ಮೆತ್ತಿದ ಲೋಹದಿಂದ ಕಣಗಳು ಹಲವು ಪಟ್ಟು ಹೆಚ್ಚು ಸಿಡಿಯುತ್ತವೆಂದು ಅವಳೇ ಒಮ್ಮೆ ಹೇಳಿದ್ದಳು.

ಅವಳು ಊಟಕ್ಕೆ ಹೋದಾಗ ಜೋಡಣೆಯ ಸುತ್ತ ಹೀಲಿಯಂ ಊದಿದ. ಸೋರಿಕೆ ತೋರಿಸುವ ಮೀಟರಿನ ಮುಳ್ಳು ಜಿಗಿಯಿತು: ಗಾಳಿ ಒಳಗೆ ಸೋರಿ ಹರಳಿಗೆ ಆಮ್ಲಜನಕ ಮೆತ್ತಿದೆ.

ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ವರಾಂಡದ ಉದ್ದಕ್ಕೂ ನಾಲ್ಕು ಸಲ ನಡೆದ. ಸುಮ್ಮನಿದ್ದರೆ ಆ ನಗು ಉಳಿಯುತ್ತಿತ್ತು.

ಅವಳು ಬಂದ ಕೂಡಲೇ ಎಲ್ಲ ಹೇಳಿಬಿಟ್ಟ.

ಅವಳ ಮುಖ ಬಿಳಿಚಿತು. "ಹೇಳ್ದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಹೇಳಿದ್ರಿ?"

"ಮುಂದೆ ಯಾರೋ ತಪ್ಪು ಹಿಡಿದು, ನಾಲ್ಕು ಜನರ ಮುಂದೆ ನೀವು ತಲೆ ತಗ್ಗಿಸೋದು ನನ್ನಿಂದ ನೋಡಕ್ಕಾಗಲ್ಲ. ನೀವಂದ್ರೆ..."

"ಅರ್ಧಕ್ಕೆ ನಿಲ್ಲಿಸ್ಬೇಡಿ."

"ನೀವಂದ್ರೆ ನನಗೆ ಇಷ್ಟ. ಮೂರು ವರ್ಷದಿಂದ."

ಅವಳು ಚೀಲ ಎತ್ತಿಕೊಂಡು ಹೊರಟುಹೋದಳು.

ಮರುದಿನ ವಾಷರ್ ಬದಲಾಯಿಸಿ, ಹರಳನ್ನು ಶುಚಿಮಾಡಿ, ಇಬ್ಬರೂ ಮತ್ತೆ ಎಣಿಸಿದರು. ಸಂಖ್ಯೆ ಹಳೆಯ ಮಟ್ಟಕ್ಕೇ ಇಳಿಯಿತು. "ವಾಲ್ವ್ ತೆರೀರಿ", "ಮುಚ್ಚಿ" ಎನ್ನುವುದು ಬಿಟ್ಟರೆ ಎರಡು ದಿನ ಅವಳು ತುಟಿ ಬಿಚ್ಚಲಿಲ್ಲ.

ಮೂರನೆಯ ದಿನ, ನೋಟ್‌ಬುಕ್ಕಿನಿಂದ ತಲೆಯೆತ್ತದೆ ಹೇಳಿದಳು: "ಯಾರ ಮೇಲೆ ಇಷ್ಟು ಸಿಟ್ಟು ಅಂತ ಅಮ್ಮ ಕೇಳಿದ್ರು. ನಿಮ್ಮನ್ನ ಬೈಯ್ತಾ ಬೈಯ್ತಾ ಒಂದು ಗಂಟೆ ಆಗೋಯ್ತು. ಆಮೇಲೆ ಅಮ್ಮ, 'ಇದು ಸಿಟ್ಟೇನೇ?' ಅಂದ್ರು."

"ನೀವೇನಂದ್ರಿ?"

ಅವಳ ಕಿವಿ ಕೆಂಪಾಯಿತು.

"ಭಾನುವಾರ ಮನೆಗೆ ಬನ್ನಿ. ಅಮ್ಮನ್ನೇ ಕೇಳಿ."