ಕಪ್ತಾನನ ತುತ್ತು

ಅತ್ತಿಗೆ ಅನಸೂಯಾ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರು. ಅದೇ ಶ್ರೀಕಂಠನ ಸಂಕಟ. ಅರವತ್ತಾರಾದರೂ ಬಿಪಿಯಿಲ್ಲ, ಶುಗರಿಲ್ಲ. ವಿಶಾಖಪಟ್ಟಣದ ಗಾಜುವಾಕದ ಆ ಮೂರನೇ ಮಹಡಿಯ ಮನೆಗೆ ತರಕಾರಿ ಚೀಲ ಹೊತ್ತುಕೊಂಡು ಸರಸರ ಹತ್ತುತ್ತಿದ್ದರು. ಅವರ ನಾಯಿ ಕಪ್ತಾನ ಮಾತ್ರ ಹನ್ನೊಂದು ತುಂಬಿ ಹಿಂಗಾಲು ಎಳೆಯತೊಡಗಿತ್ತು. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೆ ಎಂಬುದರ ಮೇಲೆ ಆ ಫ್ಲ್ಯಾಟು ಶ್ರೀಕಂಠನದೋ ಅಲ್ಲವೋ ಎಂಬುದು ನಿಂತಿತ್ತು.

ಅವನ ಅಣ್ಣ ಜಗದೀಶ ನೌಕಾಪಡೆಯಿಂದ ನಿವೃತ್ತನಾಗಿ ತುಮಕೂರಿಗೆ ಮರಳದೆ ವಿಶಾಖಪಟ್ಟಣದಲ್ಲೇ ಮನೆ ಕೊಂಡು, ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಮಕ್ಕಳಿಲ್ಲ. ಇನ್ನು ತನಗಲ್ಲದೆ ಯಾರಿಗೆ ಎಂದು ತಮ್ಮ ನೆಮ್ಮದಿಯಾಗಿದ್ದರೆ, ಅತ್ತಿಗೆ ಬರೆಸಿದ ವಿಲ್ಲೇ ಬೇರೆ. ತಾವು ಸತ್ತ ದಿನ ಕಪ್ತಾನ ಬದುಕಿದ್ದರೆ, ಅದನ್ನು ಕೊನೆತನಕ ಸಾಕುವ ಕರಾರಿನ ಮೇಲೆ ಫ್ಲ್ಯಾಟು ಶ್ರೀಕಂಠನಿಗೆ. ನಾಯಿಯೇ ಮುಂಚೆ ಸತ್ತರೆ ನೌಕಾಪಡೆಯ ವಿಧವೆಯರ ಸಂಘಕ್ಕೆ. ಒಡಹುಟ್ಟಿದವನು ನಾಯಿಯ ಬಾಲ ಹಿಡಿದುಕೊಂಡು ಮನೆಯೊಳಗೆ ಬರಬೇಕಂತೆ, ಥೂ! ಆ ಉರಿ ಅವನ ಹೊಟ್ಟೆಯಲ್ಲಿ ಆರಲೇ ಇಲ್ಲ.

ಅನಸೂಯಾರ ಚಿಂತೆಯೇ ಬೇರೆಯಿತ್ತು. ಹಿಂದೊಮ್ಮೆ ಕಳ್ಳರು ವಿಷ ಬೆರೆಸಿದ ಮಾಂಸ ಎಸೆದು ಕಾಲೊನಿಯ ನಾಯಿಗಳನ್ನು ಕೊಂದಿದ್ದರು. ಆಮೇಲೆ ಜಗದೀಶ ಪಟ್ಟು ಹಿಡಿದು ಕಪ್ತಾನನಿಗೆ ಕಲಿಸಿದ್ದ: ಗಂಡ ಹೆಂಡತಿಯ ಕೈತುತ್ತು ಬಿಟ್ಟು ಬೇರೇನನ್ನೂ ಮುಟ್ಟಬಾರದು, ನೆಲದ ಮೇಲೆ ಬಿದ್ದದ್ದನ್ನೂ ಕೂಡ. ಆರು ವರ್ಷದಿಂದ ಮನೆಗೆಲಸಕ್ಕೆ ಬರುವ ದುರ್ಗಾಂಬ ಮೀನಿನ ತುಂಡು ತೋರಿಸಿದರೂ ಅದು ಮುಖ ತಿರುಗಿಸುತ್ತಿತ್ತು.

“ನಾನು ಹೋದ್ರೆ ಇವ್ನು ಉಪವಾಸ ಬಿದ್ದು ಸಾಯ್ತಾನೆ ಕಣೋ ಶ್ರೀಕಂಠ. ನಿನ್ ಕೈಲಿ ತಿನ್ನೋದು ಕಲೀಲಿ, ಬಂದು ಹೋಗ್ತಿರು,” ಎಂದಿದ್ದರು.

ವಿಜಯವಾಡದ ಬ್ಯಾಂಕಿಗೆ ವರ್ಗವಾಗಿ ಬಂದು ಒಬ್ಬನೇ ಇದ್ದ ಶ್ರೀಕಂಠ ರಜೆಯ ಶನಿವಾರಗಳಲ್ಲಿ ಹೋಗತೊಡಗಿದ. ಅತ್ತಿಗೆ ಅವನ ಮುಂಗೈ ಹಿಡಿದು ತುತ್ತು ನೀಡಿಸುತ್ತಿದ್ದರು. ಐದು ತಿಂಗಳು ನಾಯಿ ಮೂಸಿ ಮೂಸಿ ಹಿಂದೆ ಸರಿಯಿತು. ಆರನೇ ತಿಂಗಳು ಒಂದು ದಿನ ಅವನ ಅಂಗೈ ಮೇಲಿನ ಅನಕಾಪಲ್ಲಿ ಬೆಲ್ಲದ ಚೂರನ್ನು ಮೆಲ್ಲಗೆ ಎತ್ತಿಕೊಂಡಿತು. ಅನಸೂಯಾ ಕಣ್ಣೀರು ಹಾಕಿಬಿಟ್ಟರು. ಪಾಯಸ ಮಾಡಿ ಕಟ್ಟಡಕ್ಕೆಲ್ಲ ಹಂಚಿದರು.

ಆ ಪಾಯಸ ಕುಡಿಯುತ್ತಲೇ ಶ್ರೀಕಂಠ ದಿನ ಗೊತ್ತುಮಾಡಿಕೊಂಡ. ನಾಯಿ ಹೆಚ್ಚೆಂದರೆ ಇನ್ನೊಂದು ವರ್ಷ. ಕಾಯುತ್ತ ಕೂತರೆ ಸಂಘದವರೇ ಬಂದು ಬೀಗ ಹಾಕುತ್ತಾರೆ.

ಅವನು ಯಾವುದನ್ನೂ ಅರೆಬರೆ ಮಾಡುವವನಲ್ಲ. ಆ ಕಟ್ಟಡದಲ್ಲಿ ಕ್ಯಾಮೆರಾ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಎಲ್ಲರ ಬಾಗಿಲೂ ಮುಚ್ಚಿರುತ್ತದೆ. ಅತ್ತಿಗೆ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋಗುವುದು ಅದೇ ಹೊತ್ತಿಗೆ, ಆ ಮೆಟ್ಟಿಲೋ ತೀರಾ ಕಡಿದಾದದ್ದು. ತೊಡಕು ಒಂದೇ: ಕಪ್ತಾನ ಅವರ ಕಾಲಿಗೆ ಅಂಟಿಕೊಂಡೇ ನಡೆಯುತ್ತದೆ, ಬೊಗಳಿದರೆ ಬೀದಿಯೇ ಏಳುತ್ತದೆ. ಅದಕ್ಕೂ ಅವನಲ್ಲಿ ಉಪಾಯವಿತ್ತು. ತಾನು ನುಂಗುವ ನಿದ್ದೆಮಾತ್ರೆ ಒಂದು, ಬೆಲ್ಲದೊಳಗೆ. ಹೆಚ್ಚು ಕೊಟ್ಟರೆ ಸಾಯುತ್ತದೆ. ಅದು ಮಾತ್ರ ಆಗಕೂಡದು. ಮುದಿ ನಾಯಿ ಮಧ್ಯಾಹ್ನ ಮಲಗಿದ್ದರೆ ಯಾರು ಕೇಳುತ್ತಾರೆ?

ಆ ಶನಿವಾರ ಫೋನನ್ನು ವಿಜಯವಾಡದ ಕೋಣೆಯಲ್ಲೇ ಬಿಟ್ಟು ಮುಂಜಾನೆಯ ರೈಲು ಹತ್ತಿದ. ವಿಶಾಖಪಟ್ಟಣದ ದೊಡ್ಡ ಸ್ಟೇಷನ್ನಿನ ತನಕ ಹೋಗದೆ ಅದಕ್ಕೆ ಮುಂಚಿನ ದುವ್ವಾಡದಲ್ಲೇ ಇಳಿದು ಶೇರ್ ಆಟೋ ಹಿಡಿದ.

“ಇದೇನೋ, ಹೇಳ್ದೆ ಕೇಳ್ದೆ ಬಂದ್‌ಬಿಟ್ಟೆ!” ಅನಸೂಯಾರ ಮುಖ ಅರಳಿತು. “ನೋಡು, ನಿನ್ ಕಂಡ್ರೆ ಬಾಲ ಹೇಗೆ ಆಡಿಸ್ತಾನೆ.”

ಕಪ್ತಾನ ಬೆಲ್ಲ ತಿಂದಿತು. ಮುಕ್ಕಾಲು ಗಂಟೆಯಲ್ಲಿ ಸೋಫಾದ ಕೆಳಗೆ ಗೊರಕೆ ಹೊಡೆಯತೊಡಗಿತು. ಅತ್ತಿಗೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೇಲೆ ಹೋದರು, ಹಿಂದೆಯೇ ಶ್ರೀಕಂಠ. ಇಳಿಯುವಾಗ ಅವರ ಎರಡೂ ಕೈ ಬುಟ್ಟಿಯ ಮೇಲಿದ್ದವು. ಒಂದು ನೂಕು ಸಾಕಾಯಿತು. ಅವರು ಕೂಗಲೂ ಇಲ್ಲ. ಅವನು ಒಳಗೆ ಬಂದು ತಾನು ಕುಡಿದ ಕಾಫಿ ಲೋಟ ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟ. ಬಸ್ಸಿನಲ್ಲಿ ಅನಕಾಪಲ್ಲಿ ದಾಟುವ ಹೊತ್ತಿಗೆ ಚೆನ್ನಾಗಿ ಹಸಿವಾಗಿತ್ತು.

ಸಂಜೆ ಕೆಲಸಕ್ಕೆ ಬಂದ ದುರ್ಗಾಂಬ ಹೆಣ ಕಂಡು ಕಿರುಚಿದಳಂತೆ. ಕೋಣೆಗೆ ಮರಳಿದವನು ಫೋನಿನಲ್ಲಿ ಅವಳ ಏಳು ಕರೆ ನೋಡಿ, ತಿರುಗಿ ಮಾಡಿ, ಅಳಬೇಕಾದಷ್ಟು ಅತ್ತ.

ಭಾನುವಾರ ಬೆಳಗ್ಗೆ ಅವನು ಎಲ್ಲರೆದುರು ಬಂದಿಳಿದಾಗ ಮನೆಯಲ್ಲಿ ಅಕ್ಕಪಕ್ಕದವರಿದ್ದರು, ಸರ್ಕಲ್ ಇನ್‌ಸ್ಪೆಕ್ಟರ್ ಮಾಧವೀಲತಾ ಇದ್ದರು. ಮೂಲೆಯಲ್ಲಿ ಕಪ್ತಾನ ಸೊರಗಿ ಮಲಗಿತ್ತು.

“ನಿನ್ನೆಯಿಂದ ಏನೂ ತಿಂದಿಲ್ಲ ಬಾಬುಗಾರು. ನಾನು, ಪಕ್ಕದ ಮನೆಯವರು, ಈ ಮೇಡಂ, ಎಲ್ಲರೂ ಕೊಟ್ಟು ನೋಡಿದ್ವಿ,” ಎಂದಳು ದುರ್ಗಾಂಬ ತೆಲುಗಿನಲ್ಲಿ. ಅವಳು ಅವನ ಮುಖ ನೋಡಲಿಲ್ಲ.

“ಅತ್ತಿಗೆ ವಿಲ್ ಬರೆಸಿದ್ದೇ ಇದಕ್ಕೆ ಮೇಡಂ,” ಎಂದ ಶ್ರೀಕಂಠ ಕಣ್ಣೊರೆಸಿಕೊಳ್ಳುತ್ತ. ನಾಲ್ಕು ಜನ ನೋಡಲಿ, ನಾಳೆ ಕರಾರಿನ ಮಾತು ಬಂದರೆ ಸಾಕ್ಷಿಯಾಗಲಿ. ಅಡುಗೆಮನೆಯಿಂದ ಬೆಲ್ಲದ ಚೂರು ತಂದು ಮಂಡಿಯೂರಿ ಅಂಗೈ ಚಾಚಿದ. ಕಪ್ತಾನ ತಲೆಯೆತ್ತಿ ಮೂಸಿತು. ಆಮೇಲೆ ಮೆಲ್ಲಗೆ ತಿಂದಿತು. ಶ್ರೀಕಂಠ ಗೆದ್ದವನಂತೆ ಸುತ್ತ ನೋಡಿದ.

ಯಾರೂ ತಲೆದೂಗಲಿಲ್ಲ. “ನಿನ್ನೆ ಸಂಜೆ ಇದು ನಿಲ್ಲಲಾರದೆ ವಾಂತಿ ಮಾಡಿಕೊಂಡಿತು,” ಎಂದರು ಮಾಧವೀಲತಾ ಮೆಲುದನಿಯಲ್ಲಿ. “ಡಾಕ್ಟರ ಹತ್ತಿರ ಒಯ್ದೆವು. ವಾಂತಿಯಲ್ಲಿ ಬೆಲ್ಲವಿತ್ತು, ಕರಗದ ಅರ್ಧ ನಿದ್ದೆಮಾತ್ರೆ ಇತ್ತು. ಈ ಮನೆಯಲ್ಲಿ ಹುಡುಕಿದೆವು, ಅಂಥ ಮಾತ್ರೆ ಒಂದೂ ಇಲ್ಲ. ಇದು ಬದುಕಿರುವ ಒಬ್ಬರ ಕೈಯಿಂದ ಮಾತ್ರ ತಿನ್ನುತ್ತದೆ ಅಂತ ದುರ್ಗಾಂಬ ಹೇಳಿದಾಗ ನಾನು ನಂಬಿರಲಿಲ್ಲ.” ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ಬಂದು ನಿಂತ. ಶ್ರೀಕಂಠ ಕೈ ಎಳೆದುಕೊಳ್ಳಲು ನೋಡಿದ. ಕಪ್ತಾನ ಅವನ ಅಂಗೈಯನ್ನು ಇನ್ನೂ ನೆಕ್ಕುತ್ತಲೇ ಇತ್ತು.