ಮುಂದಿನ ಸೀಟಿನ ಅಳತೆ

ಮದುವೆಯಾದ ವಾರಕ್ಕೆ, ಹಿರೇಕೆರೂರಿನ ತವರಿನಿಂದ ಹೆಂಡತಿಯನ್ನು ಹಾನಗಲ್ಲಿಗೆ ಕರೆತರುವಾಗ ಲೋಹಿತ ಒಂದು ಮಾತು ಕೊಟ್ಟಿದ್ದ. ಅಂಬಾಸಿಡರ್ ಕಾರಿನ ಮುಂದಿನ ಉದ್ದ ಸೀಟಿನಲ್ಲಿ ಅವನ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದ ಮಂಜವ್ವ, "ನಿಮ್ಮ ಬಾಜೂಕ ಇಲ್ಲಿ ಬ್ಯಾರೆ ಹೆಂಗಸು ಕುಂದ್ರಬಾರದು ನೋಡ್ರಿ" ಅಂದಿದ್ದಳು. "ಯಾರೂ ಕುಂದ್ರೂದಿಲ್ಲ ತಗೋ" ಎಂದು ಇವನು ನಕ್ಕಿದ್ದ. ಅದಾಗಿ ಹತ್ತೊಂಬತ್ತು ವರ್ಷ. ಮಂಜವ್ವ ಜ್ವರದಲ್ಲಿ ತೀರಿಕೊಂಡು ಒಂಬತ್ತು ವರ್ಷ. ಅವಳು ಹೋದ ಮೇಲೆ ಆ ನಗೆಮಾತೇ ಆಣೆಯಾಯಿತು. ಕೆಲಕಾಲ ಓಡಿ, ಆಮೇಲೆ ಕಾರು ಅವನ ಗ್ಯಾರೇಜಿನ ಹಿಂದೆ ತಾಡಪತ್ರಿ ಹೊದ್ದು ನಿಂತುಬಿಟ್ಟಿತು.

ಶೀಲಾಗೆ ಇದೊಂದೂ ಗೊತ್ತಿರಲಿಲ್ಲ.

ಶಿಗ್ಗಾಂವಿಯಲ್ಲಿ ಅವಳದು ಸೀಟ್ ಹೊಲಿಯುವ ಅಂಗಡಿ. ಗಂಡ ಬೇರೆ ಸಂಸಾರ ಕಟ್ಟಿಕೊಂಡು ದೂರವಾಗಿ, ಕೋರ್ಟಿನಲ್ಲಿ ಎಲ್ಲ ಮುಗಿದು ಆರು ವರ್ಷವಾಗಿತ್ತು. ಏಳನೇ ಕ್ಲಾಸಿನ ಮಗಳನ್ನು ಅವ್ವನ ಹತ್ತಿರ ಬಿಟ್ಟು, ವಾರಕ್ಕೊಮ್ಮೆ ಸಿಗುವ ಭಾನುವಾರವನ್ನೂ ಬಸ್ಸಿಗೆ ಹಾಕಿ ಲೋಹಿತನ ಕಾರಿನ ಸೀಟು ಹೊಲಿಯಲು ಹಾನಗಲ್ಲಿಗೆ ಬಂದಿದ್ದಳು. ಗ್ಯಾರೇಜಿನಲ್ಲಿ ಯಾರೂ ಕಾಣಲಿಲ್ಲ. ಕಾರಿನ ಬಾಗಿಲು ತೆಗೆದು ಮುಂದೆ ಕುಳಿತಳು. ಕುಳಿತು ನೋಡದೆ ಸೀಟಿನ ಅಳತೆ ಹಿಡಿಯಬಾರದು. ಸವಣೂರಿನ ನಸೀರಾ ಆಪಾ ಅವಳಿಗೆ ಈ ಕೆಲಸ ಕಲಿಸಿದಾಗ ಹೇಳಿದ್ದ ಮೊದಲ ಮಾತದು.

"ಇಳೀರಿ! ಮೊದಲ ಇಳೀರಿ ಅಲ್ಲಿಂದ!"

ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಓಡಿ ಬಂದ ಲೋಹಿತನ ಮುಖ ನೋಡಿ ಅವಳು ಇಳಿದಳು. ಸಿಟ್ಟಾಗುವಷ್ಟು ಶಕ್ತಿಯೂ ಇರಲಿಲ್ಲ.

"ಸೀಟು ಹೊಲಿಯಾಕ ಕರದೀರಿ. ನಿಂತ ಹೊಲೀಲೇನ್ರಿ ಮೇಸ್ತ್ರಿ?"

ಅವನು ತಲೆ ತಗ್ಗಿಸಿದ. ಚಹಾ ತಂದ ಅವನ ಮಗಳು ಶ್ವೇತಾ ಪಕ್ಕಕ್ಕೆ ಕರೆದು ಎಲ್ಲ ಹೇಳಿದಳು. "ನನ್ನೂ ಹಿಂದಿನ ಸೀಟಿಗೇ ಕುಂದ್ರಸ್ತಿದ್ದ ಆಂಟಿ. ಗುಜರಿಗೆ ಹಾಕು, ಇಲ್ಲಾ ಓಡಸು ಅಂತ ನಾನ ಗಂಟ ಬಿದ್ದೆ. ಅದಕ್ಕ ಈಗ ಬಿಚ್ಯಾನ."

ಬಿಚ್ಚಿದ್ದಕ್ಕೆ ಕಾರು ಹೊಸ ಜನ್ಮ ಎತ್ತುತ್ತಿತ್ತು. ಹಳೇ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್, ಪವರ್ ಸ್ಟೇರಿಂಗ್. ತುಕ್ಕು ತಿಂದ ತಗಡು ಕತ್ತರಿಸಿ, ಬೆಸೆದು, ಮೇಲೆ ಕೆನೆ ಬಣ್ಣ, ಕೆಳಗೆ ಎಲೆ ಹಸಿರು.

"ಎಲ್ಲಾ ಹೊಸಾದು ಮಾಡೀರಿ. ಈಗಿನ ಗಾಡಿಯಂಗ ಮುಂದ ಎರಡು ಬ್ಯಾರೆ ಬ್ಯಾರೆ ಸೀಟು ಹಾಕೂಣೇನ್ರಿ?"

"ಬ್ಯಾಡ್ರಿ ಅಕ್ಕಾರ. ಇದೊಂದು ಹಿಂಗ ಇರ್ಲಿ."

"ಹಂಗಾರ ಆ ಕಡೆ ಅಳತಿಗೆ ಯಾರ್ನ ಕುಂದ್ರಸ್ಲಿ?"

"ನೋಡೂಣ್ರಿ" ಎಂದ. ಮುಂದಿನ ಭಾನುವಾರ ಅವಳು ಬಂದಾಗ ಆ ಜಾಗದಲ್ಲಿ ಗೋವಿನಜೋಳದ ಚೀಲವೊಂದು ಬೆಲ್ಟ್ ಕಟ್ಟಿಕೊಂಡು ನೆಟ್ಟಗೆ ಕುಳಿತಿತ್ತು.

"ಐವತ್ತೈದ ಕೆಜಿ" ಎಂದ ಗಂಭೀರವಾಗಿ.

"ಯಾರ ತೂಕ ಇದು?"

"ಅಂದಾಜ ಹಿಡದೇನ್ರಿ." ಅವನ ಕಣ್ಣು ಅವಳತ್ತ ಹೊರಳಿ, ಸಿಕ್ಕಿಬಿದ್ದಂತೆ ಮಸಿ ಹಿಡಿದ ತನ್ನ ಬೆರಳುಗಳಿಗೆ ಓಡಿಹೋಯಿತು.

"ಮೂರ ಕೆಜಿ ಕಮ್ಮಿ ಆತು ಬಿಡ್ರಿ" ಎಂದು ಅವಳು ಚಾಕ್‌ಪೀಸಿನಿಂದ ಗೆರೆ ಎಳೆದಳು. ಎಷ್ಟೋ ತಿಂಗಳ ಮೇಲೆ ನಗು ಬಂದಿತ್ತು. ಚೀಲಕ್ಕೆ ತೊಡೆಯಿಲ್ಲ, ಬೆನ್ನಿಲ್ಲ. ಕೆಲಸ ಕೆಡುತ್ತದೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಕೆಟ್ಟರೆ ಇನ್ನೊಂದು ಭಾನುವಾರ ಬರಬೇಕಾಗುತ್ತದೆ.

ನಾಲ್ಕನೇ ವಾರ ಹಿಂದಿನ ಸೀಟಿನಲ್ಲಿ ಕುಳಿತು ಅಂಚು ಹೊಲಿಯುತ್ತಿದ್ದವಳಿಗೆ ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಎಚ್ಚರವಾದಾಗ ಬಿಸಿಲು ಗೋಡೆ ದಾಟಿತ್ತು. ಗ್ಯಾರೇಜು ಗುಡಿಯಂತೆ ಸದ್ದಿಲ್ಲದೆ ಇತ್ತು. ಲೋಹಿತ ಬಾಗಿಲ ಹತ್ತಿರ, ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದ.

"ಅಯ್ಯ, ಎಬ್ಬಸಬೇಕಿಲ್ಲೇನ್ರಿ!"

"ಯಾಕ, ಊರಿಗೆ ಬೆಂಕಿ ಬಿದ್ದಿತ್ತೇನು?"

"ನಿಮ್ಮ ಕೆಲಸ ನಿಂತಿತಲ್ರಿ."

"ಬಡ್ಯೂದ ಎಂದೂ ಇದ್ದದ್ದ. ನೀವು ಬಾಯಿ ತಕ್ಕೊಂಡು ಮಕ್ಕೊಂಡಿದ್ರಿ."

"ಸುಳ್ಳ!"

"ಗೊರಕೀನೂ ಹೊಡದ್ರಿ. ಹೊಸ ಎಂಜಿನ್ನಿಗಿಂತ ಚಲೋ ಇತ್ತು."

ಅವಳು ಮುಖ ತಿರುಗಿಸಿ ಸೂಜಿಗೆ ದಾರ ಪೋಣಿಸುವಂತೆ ನಟಿಸಿದಳು. ಹೂವು ತಂದುಕೊಟ್ಟವರಿದ್ದರು, ಸೀರೆ ಕೊಡಿಸಿದವನಿದ್ದ. ಅವಳು ಮಲಗಿದ್ದಾಳೆಂದು ತನ್ನ ಕೆಲಸ ನಿಲ್ಲಿಸಿ ಕುಳಿತವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಶಿಗ್ಗಾಂವಿಯವರೆಗೂ ಅದನ್ನೇ ನೆನೆದಳು. ನೆನೆದು ಹೆದರಿದಳು. ತನಗೂ ಖಾಲಿ ಜಾಗ ತುಂಬುವ ಜೋಳದ ಚೀಲದ ಸ್ಥಾನವಷ್ಟೇ ಸಿಕ್ಕರೆ?

ಸೀಟು ಕೂರಿಸಿದ ದಿನ, ಅವಳು ಅಂದುಕೊಂಡಂತೆಯೇ ಆಯಿತು. ಲೋಹಿತನ ಕಡೆ ಸರಿ. ಆ ಕಡೆ ಫೋಮ್ ಎರಡು ಬೆರಳು ಉಬ್ಬಿ, ಇಡೀ ಸೀಟು ಅವನತ್ತ ಇಳಿಜಾರಾಗಿತ್ತು. ಅವನು ಕೈಯಾಡಿಸಿ ನೋಡಿದ.

"ಓರೆ ಆಗೇತಿ."

"ಚೀಲ ಅಳದ್ರ ಚೀಲಕ್ಕ ಬರೋಬ್ಬರಿ ಆಕ್ಕೈತ್ರಿ."

ಅವನು ಚೀಲವನ್ನು ತಬ್ಬಿ ಎತ್ತಿ ಕೆಳಗಿಟ್ಟ. ಬಾಗಿಲು ಪೂರ್ತಿ ತೆರೆದು ಹಿಡಿದ. "ಬರ್ರಿ. ಕುಂತ ನೋಡ್ರಿ."

ಶೀಲಾ ಅಲ್ಲೇ ನಿಂತಳು. "ಸೀಟು ಸರಿ ಮಾಡಾಕ ಕರ್ಯಾಕತ್ತೀರೋ, ನಾ ಬೇಕಂತ ಕರ್ಯಾಕತ್ತೀರೋ? ಅದನ್ನ ಹೇಳ್ರಿ ಮೊದಲ. ಸೀಟಿನ ನೆವದಾಗ ನಿಮ್ಮ ಮಾತು ನಾ ಮುರಿಯೂದಿಲ್ಲ. ಮುರಿಯೂದಿದ್ರ ನೀವ ಮುರೀಬೇಕು."

ಅವನು ಹತ್ತಿಯ ಚಿಂದಿಯಲ್ಲಿ ಕೈ ಒರೆಸಿದ, ಮತ್ತೆ ಒರೆಸಿದ.

"ಮಂಜೀನ್ನ ಮರ್ತೇನಿ ಅಂದ್ರ ಸುಳ್ಳಾಕ್ಕೈತ್ರಿ."

"ಮರೀರಿ ಅಂತ ಯಾರಂದ್ರು? ನಾ ದಣದೇನ್ರಿ. ನನಗ ಮಗಳದಾಳ, ಅವ್ವ ಅದಾಳ, ಅಂಗಡಿ ಐತಿ. ಅರ್ಧ ಮನಸ್ಸಿನ ಮನಿಶಾನ್ನ ಹೊರಾಕ ಇನ್ನ ನನಗಾಗೂದಿಲ್ಲ."

"ಅರ್ಧ ಅಲ್ಲ." ಅವನು ಮೊದಲ ಸಲ ನೇರವಾಗಿ ಅವಳ ಕಣ್ಣನ್ನೇ ನೋಡಿದ. "ಸೀಟು ಓರೇನ ಇರ್ಲಿ. ನೀವು ಬೇಕು. ಶ್ವೇತಾಗ ಮೊನ್ನೇನ ಹೇಳೇನಿ. 'ಇಷ್ಟ ತಡಾನ ಅಪ್ಪಾ?' ಅಂದ್ಲು. ನಿಮ್ಮ ಮಗಳು ಬ್ಯಾಡ ಅಂದ್ರ ಅಕಿ ಹೂಂ ಅನ್ನೂತನಕ ಕಾಯ್ತೇನಿ, ಅಕ್ಕಾರ."

"ಇನ್ನೂ ಅಕ್ಕಾರೇನ್ರಿ?"

ಅವನ ಕಿವಿ ಕೆಂಪಾದವು. "ಶೀಲಾ" ಎಂದ, ಬಹಳ ಮೆಲ್ಲಗೆ.

ಅವಳು ಚಪ್ಪಲಿಯ ಮಣ್ಣು ಕೊಡವಿ, ಸೆರಗು ಒಟ್ಟುಮಾಡಿ ಒಳಗೆ ಕುಳಿತಳು. ಅವನು ಸುತ್ತಿ ಬಂದು ಸ್ಟೇರಿಂಗ್ ಮುಂದೆ ಕುಳಿತ. ಸೀಟು ಅವಳನ್ನು ಜಾರಿಸಿತು, ಅವನ ಭುಜಕ್ಕೆ ಭುಜ ತಾಗಿತು. ಇಬ್ಬರೂ ದೂರ ಸರಿಯಲಿಲ್ಲ. ಕಾರು ತಿಳವಳ್ಳಿ ರಸ್ತೆಗೆ ಇಳಿಯಿತು.

ಮಂಜವ್ವನಿಗೆ ಕೊಟ್ಟಿದ್ದ ಮಾತನ್ನು ಲೋಹಿತ ಅವತ್ತು ಮುರಿದ.